ಭಾನುವಾರ ಸಂಜೆ ಕೆಲಸಕ್ಕೆ ಎಷ್ಟು ಜನ ಬಂದಿದ್ದರು?

ಅಮೆರಿಕದ ಕೌಂಟಿ ನರ್ಸಿಂಗ್ ಹೋಮ್‌ಗಳಿಗೆ ನಕ್ಷತ್ರಗಳ ಶ್ರೇಣಿಯಿದೆ, ಹೇಳದೆ ಕೇಳದೆ ಬರುವ ತಪಾಸಣೆಯಿದೆ, ಸುಪ್ರೀಂ ಕೋರ್ಟಿನ ತೀರ್ಪಿದೆ. ಇಷ್ಟಿದ್ದೂ ಅಲ್ಲಿ ಮಲಗಿರುವ ಅಜ್ಜ, ಅಜ್ಜಿಯರ ಆರೈಕೆ ಹೇಗಿದೆ ಎಂದು ತಿಳಿಯಬೇಕಾದರೆ ಸಂಬಳದ ಪಟ್ಟಿಯನ್ನೇ ತೆರೆದು ನೋಡಬೇಕು.

ಬೆಳಿಗ್ಗೆ ಏಳು ಗಂಟೆ, ಪಾಳಿ ಬದಲಾಗುವ ಹೊತ್ತು. ರಾತ್ರಿ ಪಾಳಿಯ ಆಯಾಗಳು ಕೋಟು ಹುಡುಕುತ್ತಿದ್ದಾರೆ, ಹಗಲು ಪಾಳಿಯವರು ಇನ್ನೂ ಬರುತ್ತಿದ್ದಾರೆ. ಅಷ್ಟರಲ್ಲಿ ಕೊರಳಿಗೆ ಗುರುತಿನ ಚೀಟಿ ನೇತುಹಾಕಿಕೊಂಡ ನಾಲ್ಕೈದು ಮಂದಿ ಮುಂಬಾಗಿಲಿನಿಂದ ಒಳಗೆ ಬರುತ್ತಾರೆ. ರಾಜ್ಯದ ತಪಾಸಣಾ ತಂಡ ಬಂದಿದೆ ಎಂಬ ಸುದ್ದಿ ಎರಡೇ ನಿಮಿಷದಲ್ಲಿ ಕಾರಿಡಾರಿನ ಕೊನೆ ಮುಟ್ಟುತ್ತದೆ.

ಒಬ್ಬರು ನೇರ ಅಡುಗೆಮನೆಗೆ ನಡೆಯುತ್ತಾರೆ. ಬಿಸಿ ಪದಾರ್ಥ 57 ಡಿಗ್ರಿ ಸೆಲ್ಸಿಯಸ್‌ಗಿಂತ ತಣ್ಣಗಾಗಿರಬಾರದು, ಫ್ರಿಜ್ಜಿನೊಳಗಿನದು 5 ಡಿಗ್ರಿ ದಾಟಿರಬಾರದು. ಉಳಿದವರು ವಾರ್ಡುಗಳಿಗೆ ಹಂಚಿಹೋಗುತ್ತಾರೆ. ನೀರಿನ ಲೋಟ ಕೈಗೆ ಎಟುಕುವಂತಿದೆಯೇ? ಬಾಗಿಲ ಮೇಲಿನ ಕರೆದೀಪ ಎಷ್ಟು ಹೊತ್ತಿನಿಂದ ಉರಿಯುತ್ತಿದೆ? ಮಾತ್ರೆ ಹಂಚುವ ನರ್ಸಿನ ಹಿಂದೆ ನಿಂತು ಕನಿಷ್ಠ 25 ಸಲ ಔಷಧ ಕೊಡುವುದನ್ನು ನೋಡುತ್ತಾರೆ. ತಪ್ಪಿನ ಪ್ರಮಾಣ ಶೇ 5 ಮುಟ್ಟಿದರೆ ಅದೇ ಒಂದು ಲೋಪ.

ಅಮೆರಿಕದ ಪ್ರತಿ ನರ್ಸಿಂಗ್ ಹೋಮಿಗೂ ಹೆಚ್ಚೆಂದರೆ 15 ತಿಂಗಳಿಗೊಮ್ಮೆ ಇಂಥ ಬೆಳಗು ಬರಲೇಬೇಕು. ಹತ್ತರಲ್ಲಿ ಒಂದು ತಪಾಸಣೆಯಾದರೂ ರಜೆಯ ದಿನ, ಮುಂಜಾನೆ ಇಲ್ಲವೇ ಇಳಿಸಂಜೆ ಶುರುವಾಗಬೇಕೆಂಬ ನಿಯಮವೂ ಇದೆ.

ಅಕ್ಟೋಬರ್ 1 ವಿಶ್ವ ಹಿರಿಯರ ದಿನ. ಭಾಷಣಗಳಲ್ಲಿ ಹಿರಿಯರನ್ನು ಗೌರವಿಸುವ ಮಾತು ಎಲ್ಲೆಡೆ ಕೇಳಿಬರುತ್ತದೆ. ಸರ್ಕಾರವೇ ನಡೆಸುವ ಮನೆಯೊಂದರಲ್ಲಿ ಹಿರಿಯರಿಗೆ ನಿಜವಾಗಿ ಎಂಥ ಆರೈಕೆ ಸಿಗುತ್ತಿದೆ ಎಂದು ಪತ್ತೆ ಮಾಡುವುದು ಹೇಗೆ? ಅಮೆರಿಕ ಈ ಪ್ರಶ್ನೆಗೆ ನಾಲ್ಕು ದಶಕಗಳಿಂದ ಉತ್ತರ ಹುಡುಕುತ್ತಿದೆ. ಅಲ್ಲಿ ಗೆದ್ದದ್ದು, ಸೋತದ್ದು ಎರಡೂ ನಾವು ನೋಡಬೇಕಾದವೇ.

ಬಡವರ ಮನೆಯಿಂದ ಬಂದ ದಾರಿ

ನರ್ಸಿಂಗ್ ಹೋಮ್ ಎಂದೊಡನೆ ಹೆರಿಗೆಗೋ ಅಪೆಂಡಿಕ್ಸ್ ಆಪರೇಷನ್ನಿಗೋ ಹೋಗುವ ನಮ್ಮೂರಿನ ಪುಟ್ಟ ಆಸ್ಪತ್ರೆಯನ್ನು ಇಲ್ಲಿ ಕಲ್ಪಿಸಿಕೊಳ್ಳಬೇಡಿ. ಎದ್ದು ಓಡಾಡಲಾಗದವರು, ಪಾರ್ಶ್ವವಾಯು ಹೊಡೆದವರು, ಮರೆವಿನ ಕಾಯಿಲೆಯವರು ತಿಂಗಳುಗಟ್ಟಲೆ, ವರ್ಷಗಟ್ಟಲೆ ಇರುವ ಜಾಗ ಅದು. ಕೌಂಟಿ ಎಂದರೆ ಸುಮಾರಾಗಿ ನಮ್ಮ ಜಿಲ್ಲೆ, ಆದರೆ ಚುನಾಯಿತ ಆಡಳಿತ ಮತ್ತು ಸ್ವಂತ ತೆರಿಗೆ ಇರುವಂಥದ್ದು.

19ನೇ ಶತಮಾನದಲ್ಲಿ ಗತಿಯಿಲ್ಲದ ಮುದುಕರು, ಅಂಗವಿಕಲರು, ಅನಾಥರೆಲ್ಲ ಕೌಂಟಿಯ 'ಬಡವರ ಮನೆ'ಗಳಲ್ಲಿ ಒಟ್ಟಿಗೆ ತುಂಬಿಕೊಂಡಿದ್ದರು. ಆ ಮನೆಗಳ ಮೇಲೆ ಜನರಿಗೆ ಎಷ್ಟು ಜಿಗುಪ್ಸೆಯಿತ್ತೆಂದರೆ, 1935ರ ಸಾಮಾಜಿಕ ಭದ್ರತಾ ಕಾಯ್ದೆ ಸರ್ಕಾರಿ ಸಂಸ್ಥೆಯೊಳಗೆ ಇರುವವರಿಗೆ ವೃದ್ಧಾಪ್ಯ ನೆರವಿನ ಹಣವನ್ನೇ ಕೊಡಲಿಲ್ಲ. ಹಣ ಬೇಕಾದರೆ ಹೊರಗೆ ಬರಬೇಕು. ಹೊರಗೆ ಬಂದವರನ್ನು ಖಾಸಗಿ ಬೋರ್ಡಿಂಗ್ ಮನೆಗಳು ಸೇರಿಸಿಕೊಂಡವು. ಇಂದಿನ ಲಾಭದ ನರ್ಸಿಂಗ್ ಹೋಮ್ ಉದ್ಯಮದ ಬೇರು ಅಲ್ಲಿದೆ. 1965ರಲ್ಲಿ ಹಿರಿಯರ ಸರ್ಕಾರಿ ಆರೋಗ್ಯ ವಿಮೆ ಮೆಡಿಕೇರ್, ಬಡವರ ಮೆಡಿಕೇಡ್ ಬಂದ ಮೇಲೆ ಅದು ಹೆಮ್ಮರವಾಯಿತು.

ಕೌಂಟಿಗಳು ಪೂರ್ತಿ ಕೈಬಿಡಲಿಲ್ಲ. ಪೆನ್ಸಿಲ್ವೇನಿಯಾ, ವಿಸ್ಕಾನ್ಸಿನ್, ನ್ಯೂಯಾರ್ಕ್ ರಾಜ್ಯಗಳಲ್ಲಿ ಹಳೆಯ ಬಡವರ ಮನೆಗಳು ಆಧುನಿಕ ಕಟ್ಟಡಗಳಾಗಿ ಉಳಿದವು. ಖಾಸಗಿಯವರು ಬೇಡವೆಂದ ಬಡ ರೋಗಿ, ಕಿರುಚಾಡುವ ಡಿಮೆನ್ಶಿಯಾ ರೋಗಿ ಕೊನೆಗೆ ಬಂದು ಸೇರುತ್ತಿದ್ದುದು ಇಲ್ಲಿಗೇ. ಕೌಂಟಿ ಮನೆಯ ಗುಣಮಟ್ಟ ಅಳೆಯುವವರು ಈ ಮಾತನ್ನು ಮೊದಲು ನೆನಪಿಟ್ಟುಕೊಳ್ಳಬೇಕು. ಸುಲಭದ ರೋಗಿಗಳನ್ನು ಆರಿಸಿಕೊಳ್ಳುವ ಸಂಸ್ಥೆಯನ್ನೂ ಬಂದವರಿಗೆಲ್ಲ ಬಾಗಿಲು ತೆರೆಯುವ ಸಂಸ್ಥೆಯನ್ನೂ ಒಂದೇ ಗೆರೆಯ ಮೇಲೆ ನಿಲ್ಲಿಸುವುದು ನ್ಯಾಯವಲ್ಲ.

> ಬಾಕ್ಸ್: ಅಂಕಿಗಳಲ್ಲಿ
>
> ಅಮೆರಿಕದಲ್ಲಿರುವ ನರ್ಸಿಂಗ್ ಹೋಮ್‌ಗಳು: ಸುಮಾರು 15,000. ಅಲ್ಲಿರುವವರು: 12 ಲಕ್ಷಕ್ಕೂ ಹೆಚ್ಚು.
>
> ಲಾಭಕ್ಕಾಗಿ ನಡೆಯುವವು ಸುಮಾರು ಶೇ 70. ಕೌಂಟಿ ಸೇರಿ ಸರ್ಕಾರಗಳ ಒಡೆತನದವು ಶೇ 7ರ ಆಸುಪಾಸು.
>
> ಒಂಟಿ ಕೋಣೆಗೆ ವರ್ಷದ ಮಧ್ಯಮ ದರ (2023): 1,16,800 ಡಾಲರ್.
>
> ಮೆಡಿಕೇರ್ ಹಣ ಕೊಡುವುದು ಆಸ್ಪತ್ರೆಯಿಂದ ಬಂದ ಮೇಲಿನ ಚೇತರಿಕೆಗೆ, ಹೆಚ್ಚೆಂದರೆ 100 ದಿನ. ಆಮೇಲೆ ಸ್ವಂತ ಉಳಿತಾಯ ಕರಗಬೇಕು. ಬಹುತೇಕ ರಾಜ್ಯಗಳಲ್ಲಿ ಅದು 2,000 ಡಾಲರ್‌ಗೆ ಇಳಿದ ಮೇಲೆ ಬಡವರ ಯೋಜನೆಯಾದ ಮೆಡಿಕೇಡ್ ಕೈಹಿಡಿಯುತ್ತದೆ. ನಿವಾಸಿಗಳಲ್ಲಿ ಶೇ 60ಕ್ಕೂ ಹೆಚ್ಚು ಮಂದಿ ಮೆಡಿಕೇಡ್ ಮೇಲಿದ್ದಾರೆ.

ಐದು ನಕ್ಷತ್ರದ ಒಳಗೇನಿದೆ

1986ರಲ್ಲಿ ಇನ್‌ಸ್ಟಿಟ್ಯೂಟ್ ಆಫ್ ಮೆಡಿಸಿನ್ ಕೊಟ್ಟ ವರದಿ ದೇಶದ ನರ್ಸಿಂಗ್ ಹೋಮ್‌ಗಳ ದುಃಸ್ಥಿತಿಯನ್ನು ತೆರೆದಿಟ್ಟಿತು. ಮರುವರ್ಷ ಸುಧಾರಣಾ ಕಾಯ್ದೆ ಬಂತು. ಮುದುಕರನ್ನು ಕುರ್ಚಿಗೆ ಕಟ್ಟಿಹಾಕುವಂತಿಲ್ಲ, ಸಿಬ್ಬಂದಿಯ ಅನುಕೂಲಕ್ಕೆ ಮಂಪರು ಬರಿಸುವ ಔಷಧ ಕೊಡುವಂತಿಲ್ಲ, ಪ್ರತಿಯೊಬ್ಬರಿಗೂ ಅವರವರ ಆರೈಕೆ ಯೋಜನೆ ಇರಬೇಕು. ತಪಾಸಣಾ ತಂಡ ಕಂಡ ಲೋಪಗಳನ್ನು ಎಷ್ಟು ಗಂಭೀರ, ಎಷ್ಟು ವ್ಯಾಪಕ ಎಂದು ನೋಡಿ ಎ ಯಿಂದ ಎಲ್ ವರೆಗೆ ಹನ್ನೆರಡು ಅಕ್ಷರಗಳಲ್ಲಿ ಗುರುತಿಸುವ ಕ್ರಮ ಬಂತು. ಜಿ ಎಂದರೆ ಒಬ್ಬರಿಗಾದರೂ ನಿಜವಾದ ಹಾನಿಯಾಗಿದೆ. ಜೆ, ಕೆ, ಎಲ್ ಎಂದರೆ ಜೀವಕ್ಕೇ ಅಪಾಯ.

ಸಾಮಾನ್ಯ ಕುಟುಂಬಕ್ಕೆ ಈ ಅಕ್ಷರಗಳು ಅರ್ಥವಾಗುವುದಿಲ್ಲವೆಂದು 2008ರ ಡಿಸೆಂಬರ್‌ನಲ್ಲಿ ನಕ್ಷತ್ರ ಪದ್ಧತಿ ಶುರುವಾಯಿತು. ತಪಾಸಣೆ, ಸಿಬ್ಬಂದಿ, ಆರೋಗ್ಯ ಸೂಚಕ ಮೂರಕ್ಕೂ ಬೇರೆಬೇರೆ ನಕ್ಷತ್ರ, ಮೂರನ್ನೂ ಕೂಡಿಸಿ ಒಟ್ಟು ಒಂದರಿಂದ ಐದು.

ಈ ಲೆಕ್ಕದಲ್ಲಿ ಒಂದು ಸೂಕ್ಷ್ಮವಿದೆ. ತಪಾಸಣೆಯ ನಕ್ಷತ್ರ ತರಗತಿಯ ರ‍್ಯಾಂಕ್ ಇದ್ದ ಹಾಗೆ. ಆ ರಾಜ್ಯದ ಮೇಲಿನ ಶೇ 10 ಸಂಸ್ಥೆಗಳಿಗೆ ಐದು, ಕೆಳಗಿನ ಶೇ 20ಕ್ಕೆ ಒಂದು. ಇಡೀ ರಾಜ್ಯವೇ ಹಿಂದುಳಿದಿದ್ದರೂ ಯಾರಿಗಾದರೂ ಐದು ಸಿಕ್ಕೇ ಸಿಗುತ್ತದೆ. ಒಂದು ರಾಜ್ಯದ ಐದು ನಕ್ಷತ್ರ ಇನ್ನೊಂದರ ಮೂರಕ್ಕೆ ಸಮನಾಗಿರಬಹುದು.

ಹೆಚ್ಚು ಕಳವಳ ಹುಟ್ಟಿಸುವುದು ಮೂರನೆಯ ಭಾಗ. ಬಿದ್ದವರೆಷ್ಟು, ಮಲಗಿ ಮಲಗಿ ಹುಣ್ಣಾದವರೆಷ್ಟು ಎಂಬಂಥ ಸೂಚಕಗಳಲ್ಲಿ ಹೆಚ್ಚಿನವನ್ನು ಸಂಸ್ಥೆಗಳೇ ಬರೆದು ಕಳಿಸುತ್ತವೆ. ಬಿದ್ದು ಮೂಳೆ ಮುರಿದುಕೊಂಡೋ ತಲೆಗೆ ಪೆಟ್ಟಾಗಿಯೋ ಆಸ್ಪತ್ರೆ ಸೇರಿದವರ ಬಿಲ್‌ಗಳನ್ನು ಸಂಶೋಧಕರು ಈ ಸ್ವಯಂವರದಿಗಳ ಪಕ್ಕ ಇಟ್ಟು ನೋಡಿದರು. 2020ರಲ್ಲಿ ಪ್ರಕಟವಾದ ಆ ಅಧ್ಯಯನದ ಪ್ರಕಾರ, ಅಂಥ ಬೀಳುವಿಕೆಗಳಲ್ಲಿ ವರದಿಯಾದದ್ದು ಸುಮಾರು ಶೇ 57 ಮಾತ್ರ. ಉಳಿದ ಅಜ್ಜಿಯರು ಕಾಗದದ ಮೇಲೆ ಬೀಳಲೇ ಇಲ್ಲ.

ಮರುವರ್ಷ ನ್ಯೂಯಾರ್ಕ್ ಟೈಮ್ಸ್ ಇನ್ನೊಂದು ಕಿಂಡಿ ತೆರೆಯಿತು. ಮನೋರೋಗದ ಔಷಧ ಹೆಚ್ಚು ಕೊಡುವ ಸಂಸ್ಥೆಯ ಅಂಕ ಇಳಿಯುತ್ತದೆ, ಆದರೆ ರೋಗಿಗೆ ಸ್ಕಿಜೋಫ್ರೇನಿಯಾ ಇದ್ದರೆ ಆತ ಲೆಕ್ಕಕ್ಕೆ ಬರುವುದಿಲ್ಲ. ಸಾಮಾನ್ಯ ಜನರಲ್ಲಿ ಸುಮಾರು 150ಕ್ಕೆ ಒಬ್ಬರಲ್ಲಿ ಕಾಣುವ ಆ ಕಾಯಿಲೆ ನರ್ಸಿಂಗ್ ಹೋಮ್‌ಗಳ ದಾಖಲೆಯಲ್ಲಿ ಒಂಬತ್ತಕ್ಕೆ ಒಬ್ಬರಿಗಿತ್ತು. ಸಾಮಾನ್ಯವಾಗಿ ಯೌವನದಲ್ಲಿ ಕಾಣಿಸಿಕೊಳ್ಳುವ ಕಾಯಿಲೆ ಎಂಬತ್ತರ ವಯಸ್ಸಿನಲ್ಲಿ, ಅದೂ ಸಂಸ್ಥೆ ಸೇರಿದ ಮೇಲೆ, ಇಷ್ಟೊಂದು ಜನರಿಗೆ ಹೇಗೆ ಬಂತು? ಕೇಂದ್ರ ಸರ್ಕಾರ 2023ರ ಜನವರಿಯಲ್ಲಿ ಈ ದಾಖಲೆಗಳ ಲೆಕ್ಕಪರಿಶೋಧನೆ ಘೋಷಿಸಿತು.

ಹಾಗೆಂದು ನಕ್ಷತ್ರಗಳನ್ನು ತಳ್ಳಿಹಾಕುವಂತಿಲ್ಲ. ಒಂದು ನಕ್ಷತ್ರದ ಮನೆ ಎಂದರೆ ಕಾರಣ ಕೇಳಲೇಬೇಕು. ದೌರ್ಜನ್ಯದ ಪ್ರಕರಣ ದಾಖಲಾದ ಸಂಸ್ಥೆಗಳ ಹೆಸರಿನ ಪಕ್ಕ 2019ರಿಂದ ಕೆಂಪು ವೃತ್ತದೊಳಗಿನ ಅಂಗೈ ಚಿತ್ರ ಹಾಕುತ್ತಿದ್ದಾರೆ. ಅದನ್ನು ಕಂಡವರು ಮುಂದಿನ ಸಾಲು ಓದದೆ ಹೋಗಬಾರದು.

ಬೆರಳೊತ್ತಿ ನೋಡುವ ಕೆಲಸ

ಆರೈಕೆ ಎಂಬುದು ಕೊನೆಗೆ ಎಲ್ಲಿ ನಡೆಯುತ್ತದೆ? ಹಾಸಿಗೆಯಿಂದ ಏಳಲಾಗದ ಒಬ್ಬ ಅಜ್ಜಿಯ ಸೊಂಟದ ಕೆಳಗೆ, ಮೂಳೆ ಚರ್ಮಕ್ಕೆ ತಾಗುವ ಜಾಗದಲ್ಲಿ. ಆಕೆಯನ್ನು ಹೊತ್ತು ಹೊತ್ತಿಗೆ ಮಗ್ಗುಲು ಬದಲಿಸಿ ಮಲಗಿಸಬೇಕು. ಬದಲಿಸದಿದ್ದರೆ ಅಲ್ಲಿ ರಕ್ತದ ಹರಿವು ನಿಲ್ಲುತ್ತದೆ. ಮೊದಲು ಒಂದು ಕೆಂಪು ಕಲೆ. ಬೆರಳಿಂದ ಒತ್ತಿ ಬಿಟ್ಟರೆ ಆರೋಗ್ಯವಂತ ಚರ್ಮ ಕ್ಷಣಕಾಲ ಬಿಳಚಿ ಮತ್ತೆ ಕೆಂಪಾಗುತ್ತದೆ, ಇದು ಬಿಳಚುವುದೇ ಇಲ್ಲ. ಅಲ್ಲಿಗೇ ಗುರುತಿಸಿದರೆ ವಾಸಿಯಾಗುತ್ತದೆ. ಬಿಟ್ಟರೆ ಮಾಂಸ ಕರಗಿ ಮೂಳೆ ಕಾಣುವವರೆಗೆ ಹೋಗುತ್ತದೆ.

ನಮ್ಮಂಥ ಕಂದು ಮೈಬಣ್ಣದವರಲ್ಲಿ ಆ ಮೊದಲ ಕೆಂಪು ಸುಲಭವಾಗಿ ಕಾಣುವುದಿಲ್ಲ. ಕಲೆ ನೇರಳೆಯಾಗಿರಬಹುದು, ಸುತ್ತಲ ಚರ್ಮಕ್ಕಿಂತ ತುಸು ಕಪ್ಪಾಗಿರಬಹುದು. ಕೈಯಿಟ್ಟು ಬಿಸಿಯಿದೆಯೇ, ಗಟ್ಟಿಯಾಗಿದೆಯೇ ಎಂದು ಮುಟ್ಟಿ ನೋಡಬೇಕು. ಅದಕ್ಕೆ ಪುರುಸೊತ್ತಿರುವ, ಆ ಮೈಯನ್ನು ನಿನ್ನೆಯೂ ಮೊನ್ನೆಯೂ ಕಂಡಿರುವ ಒಬ್ಬ ಆಯಾ ಬೇಕು.

ಅದಕ್ಕೇ ಇಡೀ ವ್ಯವಸ್ಥೆಯಲ್ಲಿ ಹೆಚ್ಚು ನಂಬಬಹುದಾದ ಅಂಕಿ ಸಿಬ್ಬಂದಿಯದು. ಮೊದಲೆಲ್ಲ ತಪಾಸಣೆಯ ಹೊತ್ತಿನ ಎರಡು ವಾರದ ಹಾಜರಾತಿಯನ್ನು ಸಂಸ್ಥೆಗಳೇ ಬರೆದುಕೊಡುತ್ತಿದ್ದವು. 2016ರಿಂದ ಸಂಬಳದ ದಾಖಲೆಯನ್ನೇ, ದಿನವಾರು, ಸಲ್ಲಿಸಬೇಕೆಂದು ಕಡ್ಡಾಯವಾಯಿತು. 2018ರಲ್ಲಿ ನಕ್ಷತ್ರಗಳಿಗೆ ಈ ದಾಖಲೆಯನ್ನು ಬಳಸತೊಡಗಿದ್ದೇ ತಡ, ಸುಮಾರು 1,400 ಸಂಸ್ಥೆಗಳು ಸಿಬ್ಬಂದಿ ವಿಭಾಗದಲ್ಲಿ ಒಂದು ನಕ್ಷತ್ರಕ್ಕೆ ಕುಸಿದವು. ಶನಿವಾರ, ಭಾನುವಾರ ಸಿಬ್ಬಂದಿ ಎಷ್ಟು ಕಡಿಮೆಯಾಗುತ್ತಾರೆ ಎಂಬುದೂ ಬಯಲಾಯಿತು. 2022ರಿಂದ ವಾರಾಂತ್ಯದ ಹಾಜರಾತಿ, ವರ್ಷಕ್ಕೆ ಎಷ್ಟು ಜನ ಕೆಲಸ ಬಿಟ್ಟರು ಎಂಬ ಲೆಕ್ಕವೂ ಸೇರಿವೆ. ದೇಶದಾದ್ಯಂತ ಒಂದು ವರ್ಷದಲ್ಲಿ ಅರ್ಧದಷ್ಟು ನರ್ಸಿಂಗ್ ಸಿಬ್ಬಂದಿ ಬದಲಾಗುತ್ತಾರೆ. ಆಯಾಗಳಿಗೆ ಗಂಟೆಗೆ 18 ಡಾಲರ್ ಆಸುಪಾಸು ಸಂಬಳ, ಬೆನ್ನು ಮುರಿಯುವ ಕೆಲಸ. ಯಾರು ಉಳಿಯುತ್ತಾರೆ?

ಕೌಂಟಿ ಮನೆಗಳ ಪರವಾಗಿ ವಾದಿಸುವವರು ಇಲ್ಲಿ ಬೆರಳು ಮಾಡುತ್ತಾರೆ. ಕೌಂಟಿ ನೌಕರಿ ಎಂದರೆ ಪಿಂಚಣಿ, ಆರೋಗ್ಯ ವಿಮೆ, ಯೂನಿಯನ್. ಇಪ್ಪತ್ತು ವರ್ಷ ಅದೇ ವಾರ್ಡಿನಲ್ಲಿ ದುಡಿದ ಆಯಾಗಳು ಅಲ್ಲಿ ಸಿಗುತ್ತಾರೆ. ತೆರಿಗೆ ಕಟ್ಟುವವರಿಗೆ ಅದೇ ಹೊರೆಯಾಗಿ ಕಾಣುತ್ತದೆ. ಈ ಲೇಖನದ ಅಭಿಪ್ರಾಯದಲ್ಲಿ ಆ ಹೊರೆ ಹೊರಲು ಯೋಗ್ಯವಾದದ್ದು. ಆಯಾ ಉಳಿಯದ ಮನೆಯಲ್ಲಿ ಆರೈಕೆ ಉಳಿಯುವುದಿಲ್ಲ.

2024ರಲ್ಲಿ ಕೇಂದ್ರ ಸರ್ಕಾರ ಮೊದಲ ಬಾರಿಗೆ ಕನಿಷ್ಠ ಸಿಬ್ಬಂದಿಯ ನಿಯಮ ತಂದಿತು: ಒಬ್ಬ ನಿವಾಸಿಗೆ ದಿನಕ್ಕೆ 3.48 ಗಂಟೆ ಆರೈಕೆ, ಅದರಲ್ಲಿ 2.45 ಗಂಟೆ ಆಯಾಗಳದು. ಲೆಕ್ಕ ಹಾಕಿದರೆ ಯಾವುದೇ ಹೊತ್ತಿನಲ್ಲಿ ಸರಾಸರಿ ಹತ್ತು ಜನರಿಗೆ ಒಬ್ಬ ಆಯಾ. ಸರ್ಕಾರಕ್ಕಾಗಿ ನಡೆದ 2001ರ ಅಧ್ಯಯನ 4.1 ಗಂಟೆ ಬೇಕೆಂದಿತ್ತು, ನಿಯಮ ಅದಕ್ಕೂ ಕಡಿಮೆ ಕೇಳಿತ್ತು. ಅದೂ ಉಳಿಯಲಿಲ್ಲ. 2025ರ ಏಪ್ರಿಲ್‌ನಲ್ಲಿ ಟೆಕ್ಸಾಸ್‌ನ ಫೆಡರಲ್ ನ್ಯಾಯಾಲಯ ಅದನ್ನು ರದ್ದು ಮಾಡಿತು, ಜುಲೈನಲ್ಲಿ ಸಂಸತ್ತು 2034ರವರೆಗೆ ಜಾರಿ ಮಾಡದಂತೆ ಕಾನೂನನ್ನೇ ಮಾಡಿತು.

> ಬಾಕ್ಸ್: ಒಳಗೆ ಕಾಲಿಟ್ಟಾಗ
>
> ಬಾಗಿಲ ಬಳಿಯ ಹಾಳೆ: ಆ ದಿನ, ಆ ಪಾಳಿಯಲ್ಲಿ ಎಷ್ಟು ನರ್ಸ್, ಎಷ್ಟು ಆಯಾ ಎಂದು ಪ್ರತಿದಿನ ಅಂಟಿಸಬೇಕೆಂಬುದು ಕಾನೂನು. ನಿನ್ನೆಯ ತಾರೀಖೇ ಇದ್ದರೆ ಅದೂ ಒಂದು ಉತ್ತರ.
>
> ತಪಾಸಣಾ ವರದಿ: ಕೇಳದೆಯೇ ಕೈಗೆ ಸಿಗುವ ಜಾಗದಲ್ಲಿ ಇಟ್ಟಿರಬೇಕು.
>
> ಹೊತ್ತು: ಭಾನುವಾರ ರಾತ್ರಿ ಊಟದ ಸಮಯಕ್ಕೆ ಹೋಗಿ. ತುತ್ತು ತಿನ್ನಿಸುವವರು ಪಕ್ಕದಲ್ಲಿ ಕೂತಿದ್ದಾರೆಯೇ, ನಿಂತು ಅವಸರ ಮಾಡುತ್ತಿದ್ದಾರೆಯೇ ನೋಡಿ.
>
> ಒಂಬುಡ್ಸ್‌ಮನ್: ನಿವಾಸಿಗಳ ಪರ ನಿಲ್ಲಲು ಪ್ರತಿ ರಾಜ್ಯದಲ್ಲೂ ಇರಲೇಬೇಕಾದ ವ್ಯವಸ್ಥೆ. ದೂರು ಕೇಳಲು ಸ್ವಯಂಸೇವಕರೂ ಬರುತ್ತಾರೆ.

ಕೌಂಟಿ ಎಂಬ ಹೆಸರು, ಇನ್ಯಾರದೋ ಕೈ

ಇಂಡಿಯಾನಾ ರಾಜ್ಯದ ಕಥೆ ವಿಚಿತ್ರವಾದದ್ದು. ಅಲ್ಲಿನ ಐನೂರಕ್ಕೂ ಹೆಚ್ಚು ನರ್ಸಿಂಗ್ ಹೋಮ್‌ಗಳಲ್ಲಿ ಶೇ 90ಕ್ಕೂ ಹೆಚ್ಚಿನವು ಕಾಗದದ ಮೇಲೆ ಕೌಂಟಿ ಆಸ್ಪತ್ರೆಗಳವು. ಸಾರ್ವಜನಿಕ ಒಡೆತನದ ಸಂಸ್ಥೆಗೆ ಮೆಡಿಕೇಡ್‌ನಿಂದ ಹೆಚ್ಚುವರಿ ಹಣ ಬರುತ್ತದೆ. ಹಾಗಾಗಿ ಕೌಂಟಿ ಆಸ್ಪತ್ರೆಗಳು ನೂರಾರು ಕಿಲೋಮೀಟರ್ ಆಚೆಯ ಮನೆಗಳ ಪರವಾನಗಿಯನ್ನೂ ತಮ್ಮದಾಗಿಸಿಕೊಂಡವು. ದಿನನಿತ್ಯ ನಡೆಸುವವರು ಮಾತ್ರ ಖಾಸಗಿ ಕಂಪನಿಗಳು. ಆ ಹೆಚ್ಚುವರಿ ಹಣದ ದೊಡ್ಡ ಪಾಲು ಹಿರಿಯರ ಆರೈಕೆಗೆ ಹೋಗದೆ ಆಸ್ಪತ್ರೆಗಳ ಬೇರೆ ಯೋಜನೆಗಳಿಗೆ ಹರಿದದ್ದನ್ನು 2020ರಲ್ಲಿ ಇಂಡಿಯಾನಾಪೊಲಿಸ್ ಸ್ಟಾರ್ ಪತ್ರಿಕೆ ದಾಖಲಿಸಿತು.

ಇಂಥ ಒಂದು ಮನೆಯ ಮೊಕದ್ದಮೆಯೇ ಸುಪ್ರೀಂ ಕೋರ್ಟ್ ತಲುಪಿತು. ಡಿಮೆನ್ಶಿಯಾ ಇದ್ದ ಗೋರ್ಗಿ ಟಲೆವ್‌ಸ್ಕಿ 2016ರ ಜನವರಿಯಲ್ಲಿ ವಾಲ್ಪರೈಸೊ ಊರಿನ ನರ್ಸಿಂಗ್ ಹೋಮ್ ಸೇರಿದರು. ಸೇರುವಾಗ ನಡೆಯುತ್ತಿದ್ದರು, ಮಾತಾಡುತ್ತಿದ್ದರು, ತಾವೇ ಊಟ ಮಾಡುತ್ತಿದ್ದರು. ಕೆಲವೇ ತಿಂಗಳಲ್ಲಿ ತುತ್ತು ಎತ್ತಲಾಗದ ಸ್ಥಿತಿಗೆ ಬಂದರು. ಮನಸ್ಸಿನ ಮೇಲೆ ಕೆಲಸ ಮಾಡುವ ಆರು ಪ್ರಬಲ ಔಷಧಗಳನ್ನು ಕೊಡುತ್ತಿದ್ದರೆಂಬುದು ಮನೆಯವರ ದೂರು. ಹೊರಗಿನ ನರತಜ್ಞರ ಸಲಹೆಯಂತೆ ಔಷಧ ಇಳಿಸುತ್ತ ಬಂದಾಗ ಮತ್ತೆ ತಮ್ಮ ಕೈಯಿಂದಲೇ ಊಟ ಮಾಡತೊಡಗಿದರು. ಆಮೇಲೆ ಅವರನ್ನು ಒಂದೂವರೆ ಗಂಟೆ ದೂರದ ಮನೋರೋಗ ಆಸ್ಪತ್ರೆಗೆ ಕಳಿಸತೊಡಗಿದರು, ಕೊನೆಗೆ ಬೇರೆ ಸಂಸ್ಥೆಗೇ ಸಾಗಿಸಲು ನೋಡಿದರು ಎಂದು ಕುಟುಂಬ 2019ರಲ್ಲಿ ಕೋರ್ಟಿಗೆ ಹೋಯಿತು.

ಪ್ರತಿವಾದಿ ಮೇರಿಯನ್ ಕೌಂಟಿಯ ಸಾರ್ವಜನಿಕ ಆರೋಗ್ಯ ನಿಗಮ. 1987ರ ಕಾಯ್ದೆಯ ಹಕ್ಕುಗಳಿಗಾಗಿ ವ್ಯಕ್ತಿಗಳು ಮೊಕದ್ದಮೆ ಹೂಡುವಂತಿಲ್ಲ, ಅದು ಸರ್ಕಾರ ಸರ್ಕಾರಗಳ ನಡುವಿನ ಒಪ್ಪಂದವಷ್ಟೇ ಎಂದು ಅದು ವಾದಿಸಿತು. 2023ರ ಜೂನ್ 8ರಂದು ಏಳು-ಎರಡರ ಬಹುಮತದಲ್ಲಿ, ನ್ಯಾಯಮೂರ್ತಿ ಕೆಟಾಂಜಿ ಬ್ರೌನ್ ಜಾಕ್ಸನ್ ಬರೆದ ತೀರ್ಪು ಆ ವಾದವನ್ನು ತಳ್ಳಿಹಾಕಿತು. ಸರ್ಕಾರಿ ನರ್ಸಿಂಗ್ ಹೋಮಿನಲ್ಲಿರುವವರು ಅನಗತ್ಯವಾಗಿ ಔಷಧ ಕೊಟ್ಟು ಕಟ್ಟಿಹಾಕುವುದರ ವಿರುದ್ಧ, ಏಕಾಏಕಿ ಹೊರಹಾಕುವುದರ ವಿರುದ್ಧ ನೇರವಾಗಿ ಫೆಡರಲ್ ನ್ಯಾಯಾಲಯಕ್ಕೆ ಹೋಗಬಹುದು. ಟಲೆವ್‌ಸ್ಕಿ ಆ ಹೊತ್ತಿಗೆ ಬದುಕಿರಲಿಲ್ಲ. 2021ರಲ್ಲೇ ತೀರಿಕೊಂಡಿದ್ದರು. ಹೋರಾಟ ಮುಂದುವರಿಸಿದವರು ಅವರ ಪತ್ನಿ.

ಹಾಗಾದರೆ ಕೌಂಟಿ ಮನೆಗಳನ್ನು ಖಾಸಗಿಯವರಿಗೆ ಮಾರಿಬಿಡುವುದೇ ಲೇಸೇ? ಪೆನ್ಸಿಲ್ವೇನಿಯಾದ ನಾರ್ತಾಂಪ್ಟನ್ ಕೌಂಟಿಯ ಗ್ರೇಸ್‌ಡೇಲ್, 688 ಹಾಸಿಗೆಗಳ ದೊಡ್ಡ ಮನೆ. ಅದನ್ನು ಮಾರಲು ಆಡಳಿತ ಹೊರಟಾಗ ಜನ ಸಹಿ ಸಂಗ್ರಹಿಸಿ ಮತದಾನಕ್ಕೇ ಹಾಕಿಸಿದರು. 2011ರ ಮೇ ತಿಂಗಳಲ್ಲಿ ಐದು ವರ್ಷ ಮಾರಬಾರದೆಂದು ಮತ ಕೊಟ್ಟು ಉಳಿಸಿಕೊಂಡರು. ಅದೇ ರಾಜ್ಯದ ಬೀವರ್ ಕೌಂಟಿ ತನ್ನ ಮನೆಯನ್ನು 2014ರಲ್ಲಿ ಖಾಸಗಿಯವರಿಗೆ ಮಾರಿತು. 2020ರ ಕೋವಿಡ್‌ನಲ್ಲಿ ಅಲ್ಲಿ 70ಕ್ಕೂ ಹೆಚ್ಚು ನಿವಾಸಿಗಳು ಸತ್ತರು. ಮಾರಾಟವೇ ಆ ಸಾವುಗಳಿಗೆ ಕಾರಣ ಎಂದುಬಿಡಲಾಗದು, ಏಕೆಂದರೆ ಅದೇ ವರ್ಷ ಇಲಿನಾಯ್‌ನ ಲಸಾಲ್‌ನಲ್ಲಿ ರಾಜ್ಯ ಸರ್ಕಾರವೇ ನಡೆಸುತ್ತಿದ್ದ ಮಾಜಿ ಸೈನಿಕರ ಮನೆಯಲ್ಲೂ 36 ಮಂದಿ ಪ್ರಾಣ ಕಳೆದುಕೊಂಡರು. ಆದರೆ ಕೌಂಟಿಯ ಕೈಯಲ್ಲೇ ಇರುವ ಮನೆಯಲ್ಲಿ ಒಂದು ಅನುಕೂಲವಿದೆ. ಅದರ ಬಜೆಟ್ ಬಹಿರಂಗ ಸಭೆಯಲ್ಲಿ ಚರ್ಚೆಯಾಗುತ್ತದೆ. ಮಗಳೊಬ್ಬಳು ಎದ್ದು ನಿಂತು ತಾಯಿಯ ಹಾಸಿಗೆ ಹುಣ್ಣಿನ ಬಗ್ಗೆ ಕೇಳಿದರೆ, ಮುಂದಿನ ಚುನಾವಣೆಗೆ ನಿಲ್ಲಬೇಕಾದವರು ಉತ್ತರ ಕೊಡಬೇಕಾಗುತ್ತದೆ.

ಕನ್ನಡದ ಅಜ್ಜಿ, ಇಂಗ್ಲಿಷಿನ ವಾರ್ಡು

1965ರ ವಲಸೆ ಕಾಯ್ದೆಯ ನಂತರ ಅಮೆರಿಕಕ್ಕೆ ಹೋದ ಕನ್ನಡಿಗರ ಮೊದಲ ತಲೆಮಾರಿಗೆ ಈಗ ಎಂಬತ್ತರ ಆಸುಪಾಸು. ಮಕ್ಕಳ ಹಿಂದೆ ಹೋಗಿ ಗ್ರೀನ್ ಕಾರ್ಡ್ ಪಡೆದ ತಂದೆ ತಾಯಂದಿರೂ ಅಲ್ಲಿದ್ದಾರೆ. ಹಾಗೆ ಹೊಸದಾಗಿ ಹೋದವರಿಗೆ ಸಾಮಾನ್ಯವಾಗಿ ಮೊದಲ ಐದು ವರ್ಷ ಮೆಡಿಕೇಡ್ ಸಿಗುವುದಿಲ್ಲ. ಅಷ್ಟರೊಳಗೆ ಪಾರ್ಶ್ವವಾಯು ಬಡಿದರೆ ಲಕ್ಷ ಡಾಲರ್ ಬಿಲ್ ಮಕ್ಕಳ ತಲೆಗೆ ಬರುತ್ತದೆ. ಮನೆಯವರು ಈ ಮಾತನ್ನು ವಿಮಾನ ಹತ್ತಿಸುವ ಮೊದಲೇ ಕೂತು ಆಡಬೇಕು.

ಹಣಕ್ಕಿಂತ ದೊಡ್ಡ ಕಷ್ಟ ಮಾತಿನದು. ಡಿಮೆನ್ಶಿಯಾ ಬಂದವರಲ್ಲಿ ಅನೇಕರು ಆಮೇಲೆ ಕಲಿತ ಇಂಗ್ಲಿಷನ್ನು ಮೊದಲು ಕಳೆದುಕೊಂಡು ತಾಯ್ನುಡಿಗೆ ಮರಳುತ್ತಾರೆ. 'ನೀರಡಿಕೆ' ಎಂದು ಅಜ್ಜಿ ಹತ್ತು ಸಲ ಹೇಳಿದರೂ ತಿಳಿಯದ ಆಯಾಗೆ ಅದು ಗೊಣಗಾಟ. ಗೊಣಗಾಟ ಜೋರಾದರೆ ದಾಖಲೆಯಲ್ಲಿ ಉದ್ರೇಕ, ಉದ್ರೇಕಕ್ಕೆ ಮಾತ್ರೆ.

ಇದಕ್ಕೆ ಕಾನೂನಿನಲ್ಲೇ ದಾರಿಯಿದೆ. ನಿವಾಸಿಗೆ ಅರ್ಥವಾಗುವ ಭಾಷೆಯಲ್ಲಿ ಅವರ ಆರೋಗ್ಯದ ಸ್ಥಿತಿ ತಿಳಿಸಬೇಕು. ಊಟದ ಪಟ್ಟಿ ಅವರ ಧರ್ಮ, ಸಂಸ್ಕೃತಿಯನ್ನು ಸಾಧ್ಯವಾದಷ್ಟು ಗಮನಿಸಬೇಕು. ಸೇರಿದ 48 ಗಂಟೆಯೊಳಗೆ ಮೊದಲ ಆರೈಕೆ ಯೋಜನೆ, ಎರಡು ವಾರದೊಳಗೆ ಪೂರ್ತಿ ಪರೀಕ್ಷೆ, ಆಮೇಲೆ ಮೂರು ತಿಂಗಳಿಗೊಮ್ಮೆ ಮರುಪರಿಶೀಲನೆ. ಯೋಜನೆ ರೂಪಿಸುವ ಮಾತುಕತೆಯಲ್ಲಿ ಪಾಲ್ಗೊಳ್ಳುವ ಹಕ್ಕು ನಿವಾಸಿಗೂ ಅವರ ಪ್ರತಿನಿಧಿಗೂ ಇದೆ. ಬೆಂಗಳೂರಿನಲ್ಲಿರುವ ಮಗಳೇ ಪ್ರತಿನಿಧಿಯಾಗಿದ್ದರೆ ಫೋನಿನಲ್ಲಿ ಸೇರಿಸಿಕೊಳ್ಳಿ ಎಂದು ಕೇಳಬಹುದು. ಅಮ್ಮ ಮೊಟ್ಟೆ ಮುಟ್ಟುವುದಿಲ್ಲ, ಊಟಕ್ಕೆ ಮೊಸರನ್ನ ಇದ್ದರೆ ಸಾಕು, 'ನೋವು', 'ನೀರು', 'ಬಚ್ಚಲು' ಎಂಬ ಮೂರು ಮಾತಿನ ಅರ್ಥವನ್ನು ಮಂಚದ ಪಕ್ಕ ಬರೆದು ಅಂಟಿಸಿ, ಮಾತ್ರೆ ಹೆಚ್ಚಿಸುವ ಮೊದಲು ನನಗೊಂದು ಕರೆ ಮಾಡಿ: ಇಷ್ಟನ್ನೂ ಯೋಜನೆಯೊಳಗೆ ಬರೆಸಬಹುದು. ಬರೆಸಿದ ಮೇಲೆ ಅದನ್ನು ನಡೆಸುವುದು ಸಂಸ್ಥೆಯ ಹೊಣೆ. ನಡೆಸದಿದ್ದರೆ ಅದು ರಾಜ್ಯಕ್ಕೆ ದೂರು ಕೊಡಬಹುದಾದ ಲೋಪ, ಮತ್ತು ಆ ದೂರನ್ನು ಹೆಸರು ಹೇಳದೆಯೂ ಕೊಡಬಹುದು.